ನಾನು ಗುಡ್ಡ ತಗ್ಗಿಸಿದ್ದು

ಕೊಡಗಿನಲ್ಲಿ ಹುಟ್ಟಿ, ಐವತ್ತು ದಾಟಿ, ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿರುವವನು ಏರಿನಲ್ಲಿ ಜೀಪು ಓಡಿಸಲು ಹೆದರುತ್ತೇನೆ ಎಂದು ಒಪ್ಪಿಕೊಳ್ಳುವುದು, ಮೀನು ತನಗೆ ಈಜು ಬಾರದು ಎಂದಂತೆ. ಗಾಳಿಬೀಡಿನ ನಮ್ಮ ಮನೆ ಗುಡ್ಡದ ತುದಿಯಲ್ಲಿದೆ. ನಾನು ಜೀಪನ್ನು ಕೆಳಗೆ ಅಂಗಡಿಯ ಬಳಿ ನಿಲ್ಲಿಸಿ, "ನಡೆದರೆ ಆರೋಗ್ಯ" ಎಂದು ಸಾರುತ್ತಾ, ಏದುಸಿರು ಬಿಡುತ್ತಾ ಹತ್ತುತ್ತೇನೆ. ಆಮೇಲೆ ನನ್ನ ಹೆಂಡತಿ ಜಯಂತಿ ಇಳಿದು ಹೋಗಿ, ಒಂದೇ ದಮ್ಮಿಗೆ ಅದನ್ನು ಅಂಗಳಕ್ಕೆ ತರುತ್ತಾಳೆ. ಬೆಳಿಗ್ಗೆ ಅದನ್ನು ಕೆಳಗಿಳಿಸಿ ಕೊಡುವವಳೂ ಅವಳೇ. ಏನೂ ಅನ್ನುವುದಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಈ ಸಲ ಮಾತ್ರ ಅಂದಳು. ಮಂಡಿನೋವಿನ ಅತ್ತೆ ಮೊದಲ ಬಾರಿ ನಮ್ಮಲ್ಲಿಗೆ ಬರುವವರಿದ್ದರು. "ನಾನು ಕಡುಬು ಬೇಯಿಸ್ತಾ ಇರ್ತೀನಿ. ಅವ್ವನ್ನ ಬಸ್ಸಿಂದ ಇಳಿಸ್ಕೊಂಡು ಅಂಗಳದ ತನಕ ನೀವೇ ಕರ್ಕೊಂಡು ಬರ್ಬೇಕು. ಹದಿನೈದು ದಿನ ಟೈಮಿದೆ." ಅಳಿಯನ ಮಾನವೆಲ್ಲ ಆ ಏರಿನ ಮೇಲೆ ನಿಂತಿತು.

ನನಗೆ ಕಂಪ್ಯೂಟರಿನಲ್ಲಿ ಜೀಪು ಓಡಿಸುವ ಆಟವೊಂದರ ಹುಚ್ಚು. ಅದರೊಳಗೆ ನಮಗೆ ಬೇಕಾದ ರಸ್ತೆ, ಮನೆ ಸೇರಿಸಬಹುದು. ಅದಕ್ಕೆ ಮಾಡಿಂಗ್ ಅನ್ನುತ್ತಾರೆ. ನಮ್ಮ ರಸ್ತೆಯನ್ನೇ ಸೇರಿಸಿ ಅಭ್ಯಾಸ ಮಾಡೋಣವೆಂದುಕೊಂಡೆ. ಪ್ರತಿ ಜಾಗಕ್ಕೂ ಮೂರು ಅಂಕಿ: ಒಂದು ಅಡ್ಡಕ್ಕೆ, ಒಂದು ಉದ್ದಕ್ಕೆ, ಮೂರನೆಯದು ಎತ್ತರಕ್ಕೆ. ಆ ಮೂರನೆಯದನ್ನು ಮನೆಗೆ ಮಾತ್ರ ಕೊಟ್ಟು ರಸ್ತೆಗೆ ಮರೆತೆ. ನಮ್ಮ ಮನೆ ಕೊಟ್ಟಿಗೆ ಸಮೇತ ಆಕಾಶದಲ್ಲಿ ನೇತಾಡಿತು. ನಾನು ಅದರ ಕೆಳಗೆ ಟಾಪ್ ಗೇರಿನಲ್ಲಿ ಹಾಯಾಗಿ ಸುತ್ತಿದೆ. ಬೆನ್ನ ಹಿಂದೆ ನಿಂತಿದ್ದ ಜಯಂತಿ, "ಅವ್ವನ್ನ ಏಣಿ ಹಾಕಿ ಹತ್ತಿಸ್ತೀರಾ?" ಎಂದಳು.

ಏರು ನಿಜಕ್ಕೂ ಎಷ್ಟೆಂದು, ಮೂವತ್ತು ವರ್ಷ ಕಾಫಿ ಮೂಟೆ ಹೊತ್ತ ನೆರೆಮನೆಯ ಲಕ್ಷ್ಮಕ್ಕನನ್ನು ಕೇಳಿದೆ. "ಮೂರು ದಣಿವಿನ ಏರು ಸಾರ್," ಎಂದಳು. ಮೂಟೆಯನ್ನು ಮೂರು ಸಲ ಇಳಿಸಿ ಉಸಿರು ತೆಗೆದುಕೊಳ್ಳಬೇಕು ಎಂದರ್ಥ. "ಖಾಲಿ ಕೈಲಿ ನೀವು ಐದು ಸಲ ನಿಲ್ತೀರಿ, ಅದು ಲೆಕ್ಕಕ್ಕಿಲ್ಲ." ಅವಳ ಜೊತೆ ನಡೆದು, ಆ ಮೂರು ಜಾಗಗಳ ಎತ್ತರವನ್ನು ಫೋನಿನಲ್ಲಿ ನೋಡಿ ಬರೆದುಕೊಂಡು, ಆಟಕ್ಕೆ ಹಾಕಿದೆ.

ಆಟದ ಜೀಪು ಎರಡನೇ ದಣಿವಿನಲ್ಲೇ ಹಿಂದಕ್ಕೆ ಜಾರಿ ಅಂಗಡಿಯೊಳಗೆ ಹೊಕ್ಕಿತು. ಹತ್ತು ಸಲ ಹೊಕ್ಕಿತು. ಕೊನೆಗೆ ಎತ್ತರದ ಅಂಕಿಗಳನ್ನೆಲ್ಲ ಅರ್ಧಕ್ಕೆ ಇಳಿಸಿದೆ. ಮೊದಲು ಅರ್ಧ ಗುಡ್ಡ ಕಲಿತು ಆಮೇಲೆ ಪೂರ್ತಿ ಎಂಬ ನೆಪ ಸಿದ್ಧವಿತ್ತು. ಆ ದಿನ ಮನೆ ಮುಟ್ಟಿದೆ. ಕುಣಿಯುವಷ್ಟು ಖುಷಿಯಾಯಿತು.

ಮರುದಿನ ಅದೇ ಗುಡ್ಡ ಏರಲಾಗಲಿಲ್ಲ. ಕೊಂಚ ಎತ್ತರವಾಗಿಯೇ ಕಂಡಿತು, ಆದರೆ ಹೆದರಿದವನ ಕಣ್ಣಿಗೆ ಹಾಗೆ ಕಾಣುವುದು ಸಹಜ. ದಿನಾ ಕೂತೆ. ಫಸ್ಟ್ ಗೇರು, ಅರ್ಧ ಕ್ಲಚ್ಚು, ಬ್ರೇಕು ನಿಧಾನ, ಮೈಯೆಲ್ಲ ಬೆವರು. ಅರ್ಧಕ್ಕೇ ಈ ಗತಿಯಾದರೆ ಅತ್ತೆಯ ಗತಿಯೇನು ಎಂದು ಕುಗ್ಗಿದೆ. ಹದಿಮೂರನೆಯ ದಿನ ಅಂತೂ ಹತ್ತಿತು. ಮರುದಿನ ನಾಲ್ಕು ಸಲ ಹತ್ತಿತು. ಪೂರ್ತಿ ಗುಡ್ಡಕ್ಕೆ ಸಮಯವೇ ಉಳಿಯಲಿಲ್ಲ.

ಭಾನುವಾರ ಅತ್ತೆ ಪಕ್ಕದಲ್ಲಿ ಕೂತರು. ದೇವರನ್ನು ನೆನೆದು ಫಸ್ಟ್ ಗೇರು ಹಾಕಿದೆ. ಮೊದಲ ದಣಿವು ಕಳೆಯಿತು, ಎರಡನೆಯದು ಕಳೆಯಿತು, ಮೂರನೆಯದನ್ನು ಹುಡುಕುವಷ್ಟರಲ್ಲಿ ಅಂಗಳ ಬಂದೇಬಿಟ್ಟಿತು. "ಮಗಳು ಏನೇನೋ ಹೇಳಿದ್ಲು, ಚೆನ್ನಾಗೇ ಓಡಿಸ್ತೀರಲ್ಲ," ಎಂದರು ಅತ್ತೆ. ನಾನು ಮೀಸೆ ತಿರುವಿ, "ಇದೂ ಒಂದು ಏರಾ ಅತ್ತೆ?" ಎಂದೆ.

ಕಡುಬು ಬಡಿಸುತ್ತಾ ಜಯಂತಿ ಕಿವಿಯ ಬಳಿ ಹೇಳಿದಳು: "ನೀವು ಗುಡ್ಡ ಅರ್ಧ ಮಾಡಿದ್ದು ನೋಡ್ದೆ. ಅವತ್ತೇ ಅದನ್ನ ಒಂದೂವರೆ ಗುಡ್ಡ ಮಾಡಿಟ್ಟೆ." ಸಿಟ್ಟು ಬರಬೇಕಿತ್ತು. ನಗು ಬಂತು, ಕಡುಬು ಗಂಟಲಿಗೆ ಸಿಕ್ಕಿಕೊಳ್ಳುವಷ್ಟು.

ಸಂಜೆ ಅತ್ತೆ ಹೊರಟು ನಿಂತರು. "ಅಳಿಯಂದಿರೇ ಬಿಡ್ಲಿ," ಎಂದು ಜೀಪು ಹತ್ತಿ ಕೂತೇಬಿಟ್ಟರು. ನಾನು ಸ್ಟೇರಿಂಗ್ ಹಿಡಿದು ಕೆಳಗೆ ನೋಡಿದೆ. ಆಟದಲ್ಲಿ ನಾನು ಹತ್ತಿದ್ದೇ ಹೊರತು ಒಮ್ಮೆಯೂ ಇಳಿದಿರಲಿಲ್ಲ. ಕೀಲಿಯನ್ನು ಮೆಲ್ಲನೆ ಹೊರತೆಗೆದು, ಆದಷ್ಟು ಪ್ರೀತಿಯಿಂದ ಹೇಳಿದೆ: "ಅತ್ತೆ, ಇನ್ನೊಂದು ಹದಿನೈದು ದಿನ ಇದ್ದು ಹೋಗಿ."