ಪುಟದ ಕೆಳಗಿನ ಹೆಸರು

ಗಿರಾಕಿಗೆ ಅವರ ಸಿಂದಗಿಯ ಬೀಗರು ಮಾಡಿದ ಒಂದು ಫೋನು ಶ್ರೀವಲ್ಲಭನ ಎರಡು ತಿಂಗಳ ದುಡಿಮೆಯ ಮೇಲೆ ಬಂದು ಬಿತ್ತು.

ಇಂಡಿ ಊರಿನ ಲಿಂಬೆ ವ್ಯಾಪಾರಿ ಬಸಂತರಾಯರಿಗೆ ಅವನು ವೆಬ್‌ಸೈಟು ಕಟ್ಟಿದ್ದ. ಪ್ರತಿ ಸಾಲನ್ನೂ ತಾನೇ ಬರೆದಿದ್ದ. ಎಲ್ಲಕ್ಕಿಂತ ಕೆಳಗೆ ‘ಕಟ್ಟಿದವರು: ಶ್ರೀವಲ್ಲಭ, ಇಂಡಿ’ ಎಂದು ಹಾಕಿದ್ದ. ಅದು ಅವನ ಮೊದಲ ಕೆಲಸ. ಆ ಹೆಸರು ನಾಲ್ಕು ತಾಲೂಕಿನ ವ್ಯಾಪಾರಿಗಳ ಕಣ್ಣಿಗೆ ಬಿದ್ದರೆ ಸಾಕು, ಮುಂದಿನ ದಾರಿ ವಿಠಲನೇ ತೋರಿಸುತ್ತಾನೆ ಎಂದು ನಂಬಿದ್ದ. ಉದ್ಘಾಟನೆಯ ಮುಹೂರ್ತ ಅಂದೇ ಸಂಜೆ ಐದಕ್ಕೆ.

ಬೆಳಿಗ್ಗೆಯೇ ಬಸಂತರಾಯರು ಅವನ ಅಂಗಡಿಗೆ ನುಗ್ಗಿದರು.

“ತಮ್ಮಾ, ಇದು ವರ್ಡ್‌ಪ್ರೆಸ್ ಐತೇನು?”

“ಅಲ್ರಿ ಕಾಕಾ. ಅದು ವೆಬ್‌ಸೈಟ್ ಕಟ್ಟಾಕ ಜಗತ್ತೆಲ್ಲಾ ಬಳಸೋ ತಂತ್ರಾಂಶ, ಸಿದ್ಧ ಅಂಗಿ ಇದ್ದಂಗ. ಇದು ನಿಮ್ಮ ಮೈ ಅಳತಿಗೆ ಹೊಲದದ್ದು.”

“ನಮ್ಮ ಬೀಗರದು ವರ್ಡ್‌ಪ್ರೆಸ್ ಐತಂತ. ನಮ್ಮದೂ ಅದರಾಗನ ಆಗಬೇಕು!”

ಮನೆ ಕಟ್ಟಿಸುವವರು ಸಿಮೆಂಟಿನ ಹೆಸರು ಹಿಡಿದು ಕೂರುವಂತೆ ಕೂತುಬಿಟ್ಟರು. ಪಕ್ಕದ ಝರಾಕ್ಸ್ ಅಂಗಡಿಯ ಭೀಮಶ್ಯಾ ಇಣುಕಿದ.

“ಖರೇ ಸಾವಕಾರ್ರ. ಅದಿಲ್ಲಂದ್ರ ಮಳಿಗಾಲದಾಗ ಪುಟ ನಿಲ್ಲಂಗಿಲ್ಲ.”

ಎದುರಿನ ಟೇಲರ್ ಸಗೀರಾ ಅಲ್ಲಿಂದಲೇ ಕೂಗಿದಳು. “ಅದರಾಗ ಬಣ್ಣಾನೂ ಬಿಡಂಗಿಲ್ಲಂತ್ರಿ!”

“ಕೇಳಿದ್ಯಾ? ಸಂಜಿಗೆ ಆಗಲಿಲ್ಲಂದ್ರ ಸೋಲಾಪುರದಾಂವಗ ಕೆಲಸ ಕೊಡ್ತೇನಿ” ಎಂದು ರಾಯರು ಎದ್ದು ಹೋದರು.

ಶ್ರೀವಲ್ಲಭ ವರ್ಡ್‌ಪ್ರೆಸ್‌ನಲ್ಲಿ ಹೊಸದಾಗಿ ಕಟ್ಟಲು ಕೂತ. ಹನ್ನೊಂದಕ್ಕೆ ಕರೆಂಟು ಹೋಯಿತು, ಬಂದದ್ದು ನಾಲ್ಕಕ್ಕೆ. ಆಗ ಅವನು ವಿಠಲನ ಪಟಕ್ಕೆ ಕೈಮುಗಿದು, ಹೇಳಲಿರುವ ಸುಳ್ಳಿಗೆ ಮೊದಲೇ ಕ್ಷಮೆ ಕೇಳಿಕೊಂಡ. ತನ್ನ ಹಳೆಯ ಪುಟದ ಹಳದಿಯನ್ನು ಹಸಿರು ಮಾಡಿದ, ಅಷ್ಟೇ. ಎದೆ ಸೆಟೆಸಿಕೊಂಡು ರಾಯರ ಲಿಂಬೆ ಅಡತಿ ಅಂಗಡಿಗೆ ಹೋಗಿ, “ವರ್ಡ್‌ಪ್ರೆಸ್ ಹಾಕೀನ್ರಿ ಕಾಕಾ” ಎಂದ.

ಕಂಪ್ಯೂಟರಿಗೆ ವಿಭೂತಿ ಹಚ್ಚಿದರು, ಕಾಯಿ ಒಡೆದರು. ಸಿಂದಗಿಯಿಂದ ಬಂದಿದ್ದ ಬೀಗರಾದ ಸಂಗಮೇಶರೇ ಮುಂದೆ ಕೂತು ಒತ್ತಿದರು. ಒತ್ತಿದ್ದೆಲ್ಲ ಅರಳು ಸಿಡಿದಂತೆ ತೆರೆಯಿತು.

“ಭಲೇ! ಇದು ಅಸಲಿ ವರ್ಡ್‌ಪ್ರೆಸ್ ನೋಡ್ರಿ. ನನಗ ಮಾಡಿಕೊಟ್ಟಾಂವ ನಕಲಿ ಹಾಕ್ಯಾನ.”

ರಾಯರ ಮೀಸೆ ಕಿವಿಯ ತನಕ ಏರಿತು. ಬೀಗರು ಪುಟದ ಕೆಳಗೆ ಇಳಿದರು. ತನ್ನ ಹೆಸರು ಕಾಣುವ ಗಳಿಗೆಗೆ ಶ್ರೀವಲ್ಲಭ ಮುಂದೆ ಬಾಗಿದ.

“ಇದ್ಯಾರ ಹೆಸರ್ರಿ? ಇಲ್ಲಿ ವರ್ಡ್‌ಪ್ರೆಸ್ ಅಂತ ಇರಬೇಕಲ್ಲ?”

“ಅಳಸೋ ತಮ್ಮಾ!” ಎಂದರು ರಾಯರು. “ಅಸಲಿ ಹೆಸರು ಹಾಕು. ನೋಡಿದವರು ನಕಲಿ ಅಂದಾರು.”

ನಿಜ ಹೇಳಿದರೆ ಕೆಲಸವೇ ಸೋಲಾಪುರಕ್ಕೆ ಹೋಗುತ್ತದೆ. ಶ್ರೀವಲ್ಲಭ ತನ್ನ ಹೆಸರನ್ನು ತನ್ನ ಕೈಯಾರೆ ಅಳಿಸಿ, ‘ಕಟ್ಟಿದವರು: ವರ್ಡ್‌ಪ್ರೆಸ್’ ಎಂದು ಹಾಕಿದ.

ಪ್ರಸಾದ ತಿನ್ನುತ್ತಿದ್ದ ಬಸವನ ಬಾಗೇವಾಡಿಯ ವ್ಯಾಪಾರಿಯೊಬ್ಬರು ಆ ಹೊಸ ಸಾಲನ್ನು ಭಕ್ತಿಯಿಂದ ಓದಿ, ಅವನ ಹೆಗಲ ಮೇಲೆ ಕೈಯಿಟ್ಟರು.

“ತಮ್ಮಾ, ನಮಗೂ ಒಂದು ಮಾಡಸೂದೈತಿ. ಈ ವರ್ಡ್‌ಪ್ರೆಸ್ ಸಾಹೇಬರ ಫೋನ್ ನಂಬರು ಬರಕೊಡು.”