ಸದ್ದಿಲ್ಲದ ಸಾರಂಗಕ್ಕೆ ಒಂದಿಷ್ಟು ಸದ್ದು ಕೋರಿ

ನೇಕಾರರ ಬೀದಿ, ಕಾರಮಡೈ
ಕೋಯಮತ್ತೂರು ಜಿಲ್ಲೆ
೧೪ ನವೆಂಬರ್ ೧೯೮೮

ಸಾರಂಗ ಮೋಟಾರು ಕಂಪನಿಯ ಶಬ್ದ ನಿವಾರಣಾ ವಿಭಾಗದ ಮುಖ್ಯಸ್ಥರ ಸನ್ನಿಧಾನಕ್ಕೆ,

ಮಾನ್ಯರೇ,

ಓಡುತ್ತಿದೆಯೋ ನಿಂತಿದೆಯೋ ಎಂದು ಒಳಗೆ ಕೂತವನಿಗೇ ಅನುಮಾನ ಬರುವಂಥ ಕಾರನ್ನು ಈ ದೇಶಕ್ಕೆ ಕರುಣಿಸಿದ ತಮಗೂ, ತಮ್ಮ ವಿಭಾಗದ ಸಕಲ ಸಿಬ್ಬಂದಿಗೂ, ಇಂಜಿನ್ನಿನ ಕಾಲಡಿಗೆ ಮೆತ್ತೆಯಾಗಿ ಕೂತಿರುವ ಆ ಮೂರು ರಬ್ಬರ್ ತುಂಡುಗಳಿಗೂ ಕಾರಮಡೈಯ ನೇಕಾರರ ಬೀದಿಯಿಂದ ಸಾಷ್ಟಾಂಗ ನಮಸ್ಕಾರಗಳು. ಅಲ್ಲಿ ತಾವೆಲ್ಲ ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ನಾನು ಕ್ಷೇಮ, ಕಾರು ಕ್ಷೇಮ, ನನ್ನ ಅಕ್ಕ ಕುಪ್ಪಮ್ಮ ಅರ್ಧ ಮೊಳದ ಅಂತರದಲ್ಲಿ ಕ್ಷೇಮ.

ಇದೇ ದೂರನ್ನು ಈ ಮೊದಲು ತಮಿಳಿನಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಎರಡು ಸಲ ಬರೆದಿದ್ದೆ. ನಮ್ಮ ಕಾರನ್ನು ಮೆಚ್ಚಿಕೊಂಡಿದ್ದಕ್ಕೆ ಧನ್ಯವಾದಗಳು ಎಂಬ ಒಂದೇ ಅಚ್ಚಿನ ಕಾಗದ ಮೂರು ಸಲವೂ ಬಂತು. ಆಗ ಕೋಯಮತ್ತೂರಿನ ಆರ್.ಎಸ್. ಪುರಂನ ತಮ್ಮ ಷೋರೂಮಿನ ಮಾರಾಟಗಾರ ವೆಲ್ಲಿಂಗಿರಿ, ಶಬ್ದ ವಿಭಾಗದ ದೊಡ್ಡವರು ನಿಮ್ಮ ಭಾಷೆಯವರೇ ಎಂದು ಕಿವಿಯಲ್ಲಿ ಹೇಳಿದ್ದರಿಂದ, ಕನ್ನಡದಲ್ಲಿ ಅಚ್ಚು ಹಾಕಿಸಿದ ಧನ್ಯವಾದ ತಮ್ಮಲ್ಲಿ ಇರಲಾರದೆಂಬ ಧೈರ್ಯದಿಂದ ಇದನ್ನು ಬರೆಯುತ್ತಿದ್ದೇನೆ. ತಲೆಮಾರುಗಳಿಂದ ಮನೆಯೊಳಗೆ ಕನ್ನಡ ಆಡುವ ನಮ್ಮ ಬೀದಿಯಲ್ಲಿ ಕನ್ನಡ ಅಕ್ಷರ ಬಲ್ಲವರು ಇಬ್ಬರೇ: ನಾನು, ಮತ್ತು ನನಗೆ ಕಲಿಸಿದ ಭಜನೆಯ ಅಂಗಪ್ಪನ್. ಆದ್ದರಿಂದ ಈ ಪತ್ರವನ್ನು ನಮ್ಮ ಸಮಾಜದ ಮಾಸಪತ್ರಿಕೆಯಲ್ಲಿ ಎಷ್ಟು ಬಹಿರಂಗವಾಗಿ ಪ್ರಕಟಿಸಿದರೂ ನಮ್ಮವರ ಪಾಲಿಗೆ ಅದು ಗುಟ್ಟಾಗಿಯೇ ಉಳಿಯುತ್ತದೆ.

ಮೊದಲು ಹೊಗಳಿಕೆ ಮುಗಿಸಿಬಿಡುತ್ತೇನೆ. ಎರಡೂವರೆ ವರ್ಷ ಕಾದ ಮೇಲೆ ಕೈಗೆ ಬಂದ ತಮ್ಮ ಸಾರಂಗ ಡಿಲಕ್ಸ್ ನಿಜಕ್ಕೂ ರತ್ನ. ಹಿಂಬಾಗಿಲು ಮೇಲಕ್ಕೆ ಎತ್ತಿ, ಹಿಂದಿನ ಸೀಟು ಮಡಚಿದರೆ ನೂರಿಪ್ಪತ್ತು ಸೀರೆಗಳ ಮೂಟೆಗಳು ಆರಾಮಾಗಿ ಮಲಗುತ್ತವೆ. ಐದನೆಯ ಗೇರು ಇದೆ. ಮೇಟ್ಟುಪಾಳ್ಯಂ ರಸ್ತೆಯಲ್ಲಿ ಎತ್ತಿನ ಗಾಡಿಗಳು ಅನುಮತಿಸಿದ ದಿನ ಅದನ್ನು ಹಾಕಿ ನೋಡುವ ಆಸೆಯಿದೆ. ಹಿಂದಿನ ಗಾಜಿಗೂ ಒಂದು ವೈಪರ್ ಕೊಟ್ಟಿದ್ದೀರಿ, ದಾಟಿ ಬಂದ ಊರುಗಳನ್ನು ಮಳೆಯಲ್ಲೂ ಸ್ಪಷ್ಟವಾಗಿ ನೋಡಬಹುದು. ಏರ್ ಕಂಡೀಷನರ್ ಎಷ್ಟು ಶಕ್ತವೆಂದರೆ ನನ್ನ ಹೆಂಡತಿ ಅಮ್ಮಣಿ ಬಿರುಬಿಸಿಲಿನಲ್ಲಿ ಧಾರಾಪುರಕ್ಕೆ ಹೊರಟರೂ ಊಟಿಗೆಂದು ಕೊಂಡ ಸ್ವೆಟರ್ ಹಾಕಿಕೊಂಡು ಕೂರುತ್ತಾಳೆ. ಇಂಜಿನ್ನು ನಿಮಿಷಕ್ಕೆ ಎಷ್ಟು ಸುತ್ತು ಸುತ್ತುತ್ತಿದೆಯೆಂದು ತೋರಿಸಲು ಗಡಿಯಾರದಂಥ ಒಂದು ಮುಳ್ಳನ್ನೂ ಇಟ್ಟಿದ್ದೀರಿ. ಬೇರೆ ಕಾರುಗಳಲ್ಲಿ ಅದು ಶೋಕಿ, ತಮ್ಮ ಕಾರಿನಲ್ಲಿ ಮಾತ್ರ ಅಗತ್ಯ, ಏಕೆಂದರೆ ಇಂಜಿನ್ನು ಜೀವಂತವಾಗಿದೆ ಎಂಬುದಕ್ಕೆ ಇರುವ ಏಕೈಕ ಸಾಕ್ಷಿ ಆ ಮುಳ್ಳೇ.

ಈಗ ನಮ್ಮ ಬೀದಿಯ ಕಟ್ಟಳೆಯನ್ನು ತಮ್ಮ ಪಾದಕ್ಕೆ ಅರಿಕೆ ಮಾಡಬೇಕು. ಬೆಳಗಿನ ಐದರಿಂದ ಏಳರವರೆಗೆ ಬೀದಿ ನಮ್ಮದಲ್ಲ, ನೂಲಿನದು. ಸೀರೆಗೆ ಉದ್ದಕ್ಕೆ ಬರುವ ನೂಲನ್ನು, ಅಂದರೆ ನಾವು ಪಾವು ಎನ್ನುವುದನ್ನು, ಕವೆಗೋಲುಗಳ ಮೇಲೆ ಬೀದಿಯುದ್ದ ಬಿಗಿದು, ಗಂಜಿ ಹಚ್ಚಿ, ಬಿಸಿಲೇರುವ ಮೊದಲು ಕುಂಚದಿಂದ ಉಜ್ಜಿ ಒಣಗಿಸುತ್ತೇವೆ. ಆ ಹೊತ್ತಿನಲ್ಲಿ ಹಾರನ್ ಬಾರಿಸುವುದು ನಿಷಿದ್ಧ; ಬೆಚ್ಚಿಬಿದ್ದು ಕುಂಚ ಹಿಡಿದ ಕೈ ಜಗ್ಗಿತೋ, ನೂಲು ಹರಿಯುತ್ತದೆ. ಹಾಗಾದರೆ ಗಾಡಿ ಬರುವುದು ಗೊತ್ತಾಗುವುದು ಹೇಗೆ ಎಂದು ತಾವು ಕೇಳಬಹುದು. ಗಾಡಿ ತಾನೇ ಹೇಳಿಕೊಳ್ಳುತ್ತದೆ ಸ್ವಾಮಿ. ನನ್ನ ಹಳೆಯ ಕಾರು ರೈಲ್ವೆ ಗೇಟು ದಾಟಿದಾಗಲೇ ಪಾತ್ರೆಯಂಗಡಿ ಉರುಳಿಬಿದ್ದಂತೆ ಸದ್ದು ಹೊರಡುತ್ತಿತ್ತು; ಅದು ಮೂಲೆ ತಿರುಗುವಷ್ಟರಲ್ಲಿ ನಾಲ್ಕು ಜನ ಪಾವನ್ನು ಕವೆಗೋಲು ಸಮೇತ ಎತ್ತಿ ಗೋಡೆಗೆ ಸರಿಸಿ ನನಗೆ ದಾರಿ ಬಿಟ್ಟಿರುತ್ತಿದ್ದರು. ಮೂವತ್ತು ವರ್ಷಗಳಿಂದ ನಡೆದುಬಂದ ಈ ಒಪ್ಪಂದದಲ್ಲಿ ಒಂದು ನೂಲೂ ಹರಿದಿರಲಿಲ್ಲ.

ಸೆಪ್ಟೆಂಬರ್‌ನಲ್ಲಿ ಕಾರು ಪಡೆದ ದಿನ ನಾನು ಆರ್.ಎಸ್. ಪುರಂನ ಮಗಳ ಮನೆಯಲ್ಲಿ ತಂಗಿ, ಮರುದಿನ ಮುಂಜಾನೆ ಹೂವಿನ ಹಾರ, ಬಾನೆಟ್ಟಿನ ಮೇಲೆ ಗಂಧದ ಪಟ್ಟೆ ಸಮೇತ ಆರು ಗಂಟೆಗೆ ಸರಿಯಾಗಿ ಬೀದಿ ಪ್ರವೇಶಿಸಿದೆ. ಆ ಹೊತ್ತನ್ನೇ ಆರಿಸಿದ್ದು ಏಕೆಂದು ಮುಚ್ಚಿಡುವುದಿಲ್ಲ: ಬೀದಿಗೆ ಬೀದಿಯೇ ಹೊರಗೆ ನಿಂತಿರುವಾಗ ಎಲ್ಲರೂ ನೋಡಲಿ ಎಂಬ ಜಂಬ. ಮೊದಲ ಪಾವು ಅಕ್ಕನದೇ. ಸಂಕ್ರಾಂತಿಗೆ ಶುರುವಾಗುವ ತೈ ತಿಂಗಳ ಹಬ್ಬಕ್ಕೆ ಚೌಡೇಶ್ವರಿ ಅಮ್ಮನಿಗೆ ಉಡಿಸುವ ಸೀರೆಯ ಪಾವು ಅದು. ಹತ್ತೊಂಬತ್ತು ವರ್ಷಗಳಿಂದ ಆ ಸೀರೆ ನೇಯುವವಳು ಅವಳು. ಜೊತೆಗಾತಿ ಶಿವಗಾಮಿ ಗಂಜಿ ತರಲು ಒಳಗೆ ಹೋಗಿದ್ದಳು, ಉಳಿದವರು ಆಚೆ ತಮ್ಮ ತಮ್ಮ ಪಾವಿನ ಮೇಲೆ ಬಗ್ಗಿದ್ದರು. ಅಕ್ಕ ಕುಂಚ ಹಿಡಿದು ನೇರ ನನ್ನ ಕಡೆಗೇ ಮುಖ ಮಾಡಿ ನಿಂತಿದ್ದಳು. ನಾನು ಗಾಜಿನೊಳಗಿಂದ ಕೈ ಬೀಸಿದೆ. ಅವಳು ನೋಡಿದಳೆಂದುಕೊಂಡೆ, ಈಗ ಜನ ಕರೆದು ಪಾವು ಎತ್ತಿಸುತ್ತಾಳೆಂದುಕೊಂಡು ನಿಧಾನವಾಗಿ ಮುಂದೆ ಬಂದೆ. ಕೊನೆಗೆ ಬ್ರೇಕು ತುಳಿದೆ. ತಮ್ಮ ಡಿಸ್ಕ್ ಬ್ರೇಕುಗಳಿಗೆ ನನ್ನ ಜೀವಮಾನದ ಋಣ ಸಲ್ಲುತ್ತದೆ. ಕಾರು ಕೊನೆಯ ಕವೆಗೋಲನ್ನು ಕೆಡವಿ, ಮುನ್ನೂರು ಚಿಲ್ಲರೆ ಎಳೆ ಹರಿದು, ಅಕ್ಕನಿಂದ ಅರ್ಧ ಮೊಳದಲ್ಲಿ ನಿಂತಿತು.

ಅಕ್ಕ ಕಿರುಚಲಿಲ್ಲ. ಸಡಿಲಾದ ಪಾವನ್ನು ಹುಡುಕುತ್ತ ಕೈ ಚಾಚಿ, ಗಂಜಿ ತುಂಬಿದ ಕುಂಚದಿಂದ ತಮ್ಮ ಕಾರಿನ ಬಾನೆಟ್ಟನ್ನು ಎಡದಿಂದ ಬಲಕ್ಕೆ ಶ್ರದ್ಧೆಯಿಂದ ಎರಡು ಸಲ ಉಜ್ಜಿದಳು. ಆಮೇಲೆ ಅಂಗೈಯಿಂದ ಸವರಿ, “ಏನ್ ಡೀ ಇದು ಶಿವಗಾಮಿ, ನೂಲು ಇಷ್ಟು ನುಣ್ಣಗೈತೆ? ಸುಡ್ತೈತೆ ಬೇರೆ!” ಎಂದಳು.

ತಮ್ಮ ಬಣ್ಣದ ವಿಭಾಗದವರು ಈ ಪ್ರಶಂಸಾಪತ್ರವನ್ನು ಚೌಕಟ್ಟು ಹಾಕಿಸಿ ತೂಗುಹಾಕಿಕೊಳ್ಳಬಹುದು. ನನಗೆ ಮಾತ್ರ ಆಗ ಗೊತ್ತಾಯಿತು: ಅಕ್ಕನಿಗೆ ಕಣ್ಣು ಕಾಣುತ್ತಿರಲಿಲ್ಲ. ಎರಡು ವರ್ಷಗಳಿಂದ ಕಾಣುತ್ತಿರಲಿಲ್ಲವಂತೆ. ಎಳೆಗಳನ್ನು ಬೆರಳಿನಿಂದ, ಬೀದಿಯನ್ನು ಕಿವಿಯಿಂದ ನೋಡುತ್ತ, ಆ ಎರಡು ವರ್ಷವೂ ಅಮ್ಮನ ಸೀರೆ ನೇಯ್ದಿದ್ದಳು. ದೇವಸ್ಥಾನದ ಸೀರೆ ಕಮಿಟಿಗೆ ಅಧ್ಯಕ್ಷನಾದ ನಾನು ಆ ಎರಡು ಸೀರೆಗಳನ್ನೂ ಕನ್ನಡಕ ಹಾಕಿಕೊಂಡು ಇಂಚಿಂಚು ಪರೀಕ್ಷಿಸಿ, ಒಂದು ಕುಂದೂ ಇಲ್ಲವೆಂದು ಮೈಕಿನ ಮುಂದೆ ಭಾಷಣ ಮಾಡಿದ್ದೆ. ಮನೆಗೆ ಬಂದು ಹೇಳಿದರೆ ಅಮ್ಮಣಿಗೆ ಆಶ್ಚರ್ಯವೇ ಆಗಲಿಲ್ಲ. “ಬೀದಿಗೆಲ್ಲ ಗೊತ್ತು. ನಿಮಗೆ ಹೇಳಿದ್ರೆ ಮಗ್ಗ ಎತ್ತಿಸ್ಬಿಡ್ತೀರಿ ಅಂತ ತಾನೇ ಯಾರೂ ಹೇಳಲಿಲ್ಲ?” ಎಂದಳು.

ಅವರೆಲ್ಲ ಹೆದರಿದ್ದು ಸರಿಯಾಗಿಯೇ ಇತ್ತು. ಅಂದು ಸಂಜೆಯೇ ನಾನು ಅಕ್ಕನ ಮನೆಗೆ ಹೋಗಿ, ಇನ್ನು ಮಗ್ಗದ ಗುಂಡಿಗೆ ಇಳಿಯಬೇಡ, ಸೀರೆ ಶಿವಗಾಮಿ ನೇಯಲಿ ಎಂದು ಅಧ್ಯಕ್ಷನ ಧ್ವನಿಯಲ್ಲಿ ಹೇಳಿ ಬಂದೆ. ನಾಲ್ಕು ದಿನ ಅವಳು ಸರಿಯಾಗಿ ಊಟ ಮಾಡಲಿಲ್ಲ. ಹರಿದ ಪಾವು ಹಾಗೆಯೇ ಸುತ್ತಿ ಬಿದ್ದಿತ್ತು, ಶಿವಗಾಮಿ ಅದನ್ನು ಮುಟ್ಟಲು ಒಪ್ಪಲಿಲ್ಲ. ಐದನೆಯ ದಿನ ಅಕ್ಕ ಗೋಡೆ ಹಿಡಿದುಕೊಂಡು ನಮ್ಮ ಮನೆಗೇ ಬಂದಳು. “ನಿನ್ ವಂಡಿಗೆ ಸದ್ದಿಲ್ಲ ಅಂತ ನನ್ ಮಗ್ಗ ನಿಲ್ಲಿಸ್ತೀಯಾ ಡಾ?” ಎಂದು ಕೇಳಿದಳು. ಅರವತ್ತೊಂದು ವಯಸ್ಸಿನ ನಾನು ಅಧ್ಯಕ್ಷನ ಅಪ್ಪಣೆಯನ್ನು ಅಲ್ಲೇ ಹಿಂದಕ್ಕೆ ತೆಗೆದುಕೊಂಡೆ. ನನಗೆ ನಾಚಿಕೆಯಾಯಿತು. ಅಂದೇ ಅವಳು ಮಗ್ಗದ ಪಕ್ಕ ಕೂತು, ಆ ಮುನ್ನೂರು ಚಿಲ್ಲರೆ ಎಳೆಗಳನ್ನು ಒಂದೊಂದಾಗಿ ಬೆರಳಿನಿಂದ ಹುಡುಕಿ ಗಂಟು ಹಾಕಲು ತೊಡಗಿದಳು. ಈಗ ಸೀರೆ ಅರ್ಧಕ್ಕೆ ಬಂದಿದೆ.

ಮುಂದೆಯೂ ಅವಳು ಬೀದಿಯಲ್ಲಿ ನಿರ್ಭಯವಾಗಿ ಪಾವು ಹಾಸಬೇಕು. ಅದಕ್ಕಾಗಿಯೇ ತಮ್ಮಲ್ಲಿ ಈ ವಿನಂತಿ. ದಯಮಾಡಿ ನನ್ನ ಕಾರಿಗೆ ಸದ್ದು ಹಾಕಿಸಿಕೊಡಿ. ನಮ್ಮ ಮೆಕ್ಯಾನಿಕ್ ಕಂದಸಾಮಿ ಸೈಲೆನ್ಸರಿಗೆ ಮೂರು ತೂತು ಕೊರೆದು ನೋಡಿದ. ಯಾರೋ ಹಿರಿಯರು ಬಾಗಿಲಲ್ಲಿ ಕೆಮ್ಮಿದಂಥ ಸದ್ದು ಬಂದು, ಅಕ್ಕ ಸೆರಗು ಸರಿಮಾಡಿಕೊಂಡು ಕುರ್ಚಿ ಹಾಕಿಸಿದಳು. ಈ ಮರ್ಯಾದಸ್ಥ ಕೆಮ್ಮು ಸಾಲದು. ರೈಲ್ವೆ ಗೇಟಿನಿಂದಲೇ ಕೇಳುವಂಥ, ಸಾಧ್ಯವಾದರೆ ಕಾರಿಗಿಂತ ಅರ್ಧ ಫರ್ಲಾಂಗು ಮುಂದಾಗಿ ತಾನೇ ನಡೆದು ಬರುವಂಥ ಸದ್ದು ಬೇಕು. ಬದಲಿಗೆ ಐದನೆಯ ಗೇರನ್ನೂ ಹಿಂದಿನ ವೈಪರನ್ನೂ ಸಂತೋಷವಾಗಿ ಹಿಂದಿರುಗಿಸುತ್ತೇನೆ. ಆ ಮೂರು ರಬ್ಬರ್ ತುಂಡುಗಳನ್ನು ಕಿತ್ತು, ಇಂಜಿನ್ನನ್ನು ನೇರ ಕಬ್ಬಿಣದ ಮೇಲೆ ಕೂರಿಸಿ, ನಾಲ್ಕು ನಟ್ಟು ಸಡಿಲ ಬಿಟ್ಟರೂ ಸಾಕು. ತಮ್ಮ ಇಂಜಿನಿಯರುಗಳು ಸದ್ದು ಹೊರಡಿಸುವುದನ್ನು ಮರೆತೇ ಹೋಗಿದ್ದರೆ ಕಂದಸಾಮಿಯನ್ನು ಎರಡು ತಿಂಗಳು ಕಾರ್ಖಾನೆಗೆ ಕಳಿಸಿಕೊಡಲು ಬೀದಿಯವರು ಸಿದ್ಧರಿದ್ದೇವೆ.

ಕಾರನ್ನು ಮೂಲೆಯಲ್ಲೇ ನಿಲ್ಲಿಸಿ ನಡೆದು ಹೋಗಬಾರದೇ ಎಂದು ತಾವು ಸಲಹೆ ಕೊಡಬಹುದು. ಎರಡೂವರೆ ವರ್ಷ ಕಾದು ಕೊಂಡ ಕಾರನ್ನು ಚಹಾ ಅಂಗಡಿಯ ಮುಂದೆ ಬಿಟ್ಟು ಬರುವಷ್ಟು ವೈರಾಗ್ಯ ನನಗಿನ್ನೂ ಬಂದಿಲ್ಲ. ಬಂದ ದಿನ ತಿಳಿಸುತ್ತೇನೆ.

ತಮ್ಮ ಮೌನದ ಸಾಧನೆಗೆ ತಲೆಬಾಗುತ್ತ, ಈ ಪತ್ರದ ವಿಷಯದಲ್ಲಾದರೂ ತಾವು ಅದನ್ನು ಸಾಧಿಸಬಾರದೆಂದು ಬೇಡುತ್ತ,

ಗಂಜಿ ಮೆತ್ತಿದ ಬಾನೆಟ್ಟಿನ ಒಡೆಯ, ತಮ್ಮ ವಿಶ್ವಾಸಿ
ತಿರುಮಲೈಸಾಮಿ

ತಾ.ಕ.: ತಮ್ಮ ಉತ್ತರ ಬರುವವರೆಗೆ ತಾತ್ಕಾಲಿಕ ಏರ್ಪಾಡು ಮಾಡಿಕೊಂಡಿದ್ದೇನೆ. ಬೀದಿಯ ಕಟ್ಟಳೆ ಹಾರನ್ನಿಗೆ, ಮನುಷ್ಯನ ಗಂಟಲಿಗಲ್ಲ. ಆದ್ದರಿಂದ ದಿನವೂ ಬೆಳಿಗ್ಗೆ ಮೂಲೆಯಲ್ಲಿ ಇಳಿದು, ಸ್ಟಿಯರಿಂಗನ್ನು ಡ್ರೈವರ್ ಕರುಪ್ಪುಸಾಮಿಗೆ ಒಪ್ಪಿಸಿ, “ಕಾರು ಬರ್ತೈತೆ ಅಕ್ಕಾ, ಕಾರು ಬರ್ತೈತೆ” ಎಂದು ಕೂಗುತ್ತ ತಮ್ಮ ಸಾರಂಗ ಡಿಲಕ್ಸಿನ ಮುಂದೆ ಮುಂದೆ ನಾನೇ ನಡೆದು ಬರುತ್ತೇನೆ. ನಿನ್ನೆ ಅಕ್ಕ ಪಕ್ಕದವರ ಪಾವಿಗೆ ಕೈ ಕೊಟ್ಟು ಸರಿಸುತ್ತ ಹೇಳಿದಳು: “ಹಿಂದುಗಡೆ ಆ ವಂಡಿ ಯಾತಕ್ಕೆ ಡಾ? ನೀನೇ ಸಾಕು. ನೀನಾದ್ರೆ ಬರೋದು ಕೇಳಿಸ್ತೈತೆ.”