ಅಳಿಯನನ್ನು ಕೊಲೆಗಾರ ಮಾಡಲು ಹೋಗಿ

ಸಿನಿಮಾದ ಹುಚ್ಚಿರುವವರನ್ನು ಮದುವೆಯಾದರೆ ನಗೆಪಾಟಲನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದು ತಾನೇ ಚಪ್ಪಲಿ ಬಿಟ್ಟು ಒಳಗೆ ಬರುತ್ತದೆ. ನಮ್ಮವರು ನಂದೂರಿನ ದಾಲ್ ಮಿಲ್ಲಿನಲ್ಲಿ ಗುಮಾಸ್ತರು. ರಜೆ ಹಾಕಿ, ಬಾಡಿಗೆ ಕ್ಯಾಮೆರಾ ತಂದು, ಕಮಲಾಪುರದ ನಮ್ಮ ಮನೆಯಲ್ಲೇ ಒಂದು ಖೂನಿಯ ಸಿನಿಮಾ ತೆಗೆದರು. ಕಥೆ ಪೊಲೀಸ್ ಆಕ್ಷನ್ ಕಾಲದ್ದು, ನಿಜಾಮನ ಮೇಲೆ ಫೌಜು ಬಂದ 1948ರದ್ದು. ಭಾನುವಾರ ಸಂಜೆ ಕ್ಯಾಮೆರಾ ವಾಪಸು ಹೋಗಬೇಕು. ಅಷ್ಟರೊಳಗೆ ಕೊಲೆಗಾರ ಸಿಕ್ಕಿಬೀಳದಿದ್ದರೆ ಸಿನಿಮಾನೇ ಇಲ್ಲ.

ಕಣ್ಣಾರೆ ಕಂಡವರು

ಆ ಕಾಲ ನೋಡಿದವರು ಮನೆಯಲ್ಲಿ ಒಬ್ಬರೇ, ನಮ್ಮವರ ಅಜ್ಜಿ. ಎಲ್ಲರೂ ಆಯಿ ಅನ್ನುತ್ತೇವೆ. ನಮ್ಮವರು ಅವರ ಮುಂದೆ ಪೆನ್ನು ಹಿಡಿದು ಕೂತರು.

"ಆಯಿ, ಫೌಜು ಬಂದಾಗ ನೀ ಎಲ್ಲಿದ್ದಿ?"

"ಇಲ್ಲೇ ಇದ್ದೆ. ನಮ್ಮವ್ವ ಒಳಗ ಕೂಡಿಸಿ ಕದಾ ಹಾಕಿದ್ಲು."

"ಮತ್ತ ಏನ್ ಕಂಡಿ?"

"ಕದಾ."

ಕೊಲೆಗಾರನ ಓಟ

ಕೊಲೆಗಾರ ನನ್ನ ನಾದಿನಿಯ ಗಂಡ, ಅಂದರೆ ಮನೆಯ ಅಳಿಯ. ದಪ್ಪ ಮೀಸೆ ಇದ್ದದ್ದು ಅವರೊಬ್ಬರಿಗೇ. ಖೂನಿ ಮಾಡಿ, ಚಾಕು ಹಿಡಿದು ಓಣಿಯಲ್ಲಿ ಓಡಬೇಕು. ಓಡಿದರು. ಕಟ್ಟೆಯ ಮೇಲಿದ್ದವರೊಬ್ಬರು, "ಯಾವಾಗ ಬಂದ್ರಿ ಅಳಿಯಂದ್ರ? ಊಟ ಆತೇನ್ರಿ?" ಅಂದರು. ಕೊಲೆಗಾರ ನಿಂತು, ಚಾಕು ಸಮೇತ ಕೈಮುಗಿದು, "ಆತ್ರಿ, ನಿಮ್ದು?" ಅಂದರು.

ಓಣಿಯವರಿಗೆಲ್ಲ ಮಾತಾಡಬೇಡಿರಿ ಅಂತ ಹೇಳಿ ಮತ್ತೆ ಓಡಿಸಿದರು. ಈ ಸಲ ಯಾರೂ ತುಟಿ ಬಿಚ್ಚಲಿಲ್ಲ. ಹೆಂಗಸರು ತಲೆಯ ಮೇಲೆ ಸೆರಗು ಎಳೆದುಕೊಂಡು ಎದ್ದು ನಿಂತರು, ಅಷ್ಟೇ. ಖೂನಿ ಮಾಡಿ ಓಡುವವರಿಗೆ ಇಷ್ಟು ಮರ್ಯಾದೆ ಮತ್ತೆಲ್ಲೂ ಸಿಗಲಿಕ್ಕಿಲ್ಲ.

ಸಾಕ್ಷಿ

ಉಳಿದದ್ದು ಕೊನೆಯ ಸೀನು. ಸಾಕ್ಷಿಯ ಪಾತ್ರ ಆಯಿಯದು. ಇನ್ಸ್‌ಪೆಕ್ಟರ್ ಎದುರು ನಿಂತವರಲ್ಲಿ ಅಳಿಯನ ಕಡೆ ಬೆರಳು ತೋರಿಸಿ, "ಇಂವಾನೇ" ಅನ್ನಬೇಕು. ಇನ್ಸ್‌ಪೆಕ್ಟರ್ ಅಂದರೆ ಸೂಪರ್ ಮಾರ್ಕೆಟ್ ಅನ್ನುವ ಪೇಟೆಯ ಬಟ್ಟೆ ಅಂಗಡಿ ಸಾವಕಾರರು. ಆ ಪಾತ್ರ ಕೊಡುತ್ತೇವೆ ಅಂದದ್ದಕ್ಕೇ ಎಲ್ಲರ ಬಟ್ಟೆ ಪುಕ್ಕಟೆ ಕೊಟ್ಟಿದ್ದರು.

ಆಯಿ ಕೈ ಎತ್ತಲೇ ಇಲ್ಲ. "ಮನಿ ಅಳಿಯಗ ಖೂನಿ ಮಾಡ್ಯಾನ ಅನ್ಲೇನು? ಪಂಚಮಿಗಿ ನಿನ್ನ ತಂಗೀನ್ನ ಕಳಸ್ತಾನೇನು?"

"ಇದು ಸುಳ್ಳ ಆಯಿ, ಸಿನಿಮಾ."

"ಸುಳ್ಳ ಅಂದ್ರ ಇನ್ನೂ ಪಾಪ."

ಬಿಸಿಲು ಇಳಿಯುತ್ತಿತ್ತು, ಕ್ಯಾಮೆರಾದವನು ಚೀಲ ತೆಗೆದಿಟ್ಟಿದ್ದ. ನಮ್ಮವರಿಗೆ ಸಾಕಾಯಿತು. "ಯಾರಿಗರೆ ತೋರ್ಸು, ಹೋಗ್ಲಿ" ಅಂದರು. ಆಯಿ ಸಾವಕಾರರ ಕಡೆ ಬೆರಳು ಮಾಡಿ, "ಇಂವಾನೇ" ಅಂದರು. ಕ್ಯಾಮೆರಾ ಓಡುತ್ತಲೇ ಇತ್ತು, ಸಾವಕಾರರ ಮುಖದ ಬಣ್ಣ ಹೋಯಿತು. ಅಂಥ ಗಾಬರಿ ಕಲಿಸಿದರೂ ಬರುವುದಿಲ್ಲ.

ನಾನು ಕೂಸಿಗೆ ಅನ್ನ ತಿನ್ನಿಸುತ್ತ ನಮ್ಮವರಿಗೆ ಮೆಲ್ಲಗೆ, "ಇನ್ಸ್‌ಪೆಕ್ಟರೇ ಖೂನಿ ಮಾಡ್ಯಾನಂದ್ರಾತಲ್ರಿ" ಅಂದೆ. ಅವರು ನನ್ನನ್ನೊಮ್ಮೆ ನೋಡಿದರು, ಆಮೇಲೆ ಸಾವಕಾರರ ಬೆನ್ನು ತಟ್ಟಿ, "ಆಯಿಗಿ ಕಣ್ಣ ಮಂಜು, ಮನಸಿಗಿ ಹಚ್ಕೋಬ್ಯಾಡ್ರಿ" ಅಂತ ಕಳಿಸಿಕೊಟ್ಟರು.

ಸಿನಿಮಾ ತೋರಿಸಿದ ದಿನ ನಮ್ಮ ಓಣಿಯೆಲ್ಲ ಬಂದಿತ್ತು. ಖೂನಿ ಮಾಡಿದವ ಯಾರಂತ ಕಡೀತನಕ ಗೊತ್ತೇ ಆಗಲಿಲ್ಲ ಅಂತ ಎಲ್ಲರೂ ಹೊಗಳಿದರು. ತಾವೇ ಕೊಲೆಗಾರ ಅಂತ ಸಾವಕಾರರಿಗೂ ಗೊತ್ತಾದದ್ದು ಆಗಲೇ. ಪಕ್ಕದಲ್ಲಿದ್ದ ಹೆಂಡತಿಗೆ, "ನಾ ಅಲ್ಲ ಮಾರಾಯ್ತಿ" ಅಂದರು.

ಆಕೆ ಪರದೆಯಿಂದ ಕಣ್ಣು ತೆಗೆಯದೆ, "ನಂಗ ಮೊದ್ಲಿಂದಾನೂ ಅನುಮಾನ ಇತ್ತು" ಅಂದರು.